ದುಡ್ಡು ಕೊಟ್ಟವನಿಗೇ ಕಾವಲೇಕೆ?

ಪ್ರಶ್ನೆ: ಹಣ ಕೊಟ್ಟು ಕೊಂಡ, ಒಬ್ಬನೇ ಆಡುವ ಕಂಪ್ಯೂಟರ್ ಗೇಮ್ ಕೂಡ ನೆಟ್ ಹೋದೊಡನೆ ನಿಂತುಬಿಡುತ್ತದೆ; ಕಳ್ಳಪ್ರತಿ ಆಡುವ ಗೆಳೆಯನಿಗೆ ಈ ಕಾಟವಿಲ್ಲ. ಪ್ರಕಾಶಕರಿಗೆ ನಾನೇಕೆ ನಿಷ್ಠನಾಗಿರಬೇಕು?
– ಓದುಗ, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಇರಬೇಕೆಂದೇನಿಲ್ಲ, ಹಾಗೆಂದು ಕಳ್ಳಪ್ರತಿಗೆ ಕೈಹಾಕಬೇಡಿ. 2010ರ ಮಾರ್ಚ್‌ನಲ್ಲಿ, ಕಳ್ಳಪ್ರತಿ ತಡೆಯಲು ಸದಾ ಅಂತರ್ಜಾಲ ಸಂಪರ್ಕ ಬೇಡುತ್ತಿದ್ದ, ಗೇಮ್ ಪ್ರಕಾಶಕ ಸಂಸ್ಥೆ ಯೂಬಿಸಾಫ್ಟ್‌ನ ರಕ್ಷಣಾ ಸರ್ವರ್‌ಗಳು ದಾಳಿಗೆ ಸಿಲುಕಿದಾಗ, ಅಸ್ಯಾಸಿನ್ಸ್ ಕ್ರೀಡ್ 2 ಆಟ ತೆರೆಯಲಾಗದೆ ಪರದಾಡಿದವರು ದುಡ್ಡು ಕೊಟ್ಟವರೇ. ಪೋಲೆಂಡಿನ ಗೇಮ್ ಸಂಸ್ಥೆ ಸಿಡಿ ಪ್ರಾಜೆಕ್ಟ್ ಮಾತ್ರ 2015ರಲ್ಲಿ ವಿಚರ್ 3 ಆಟವನ್ನು ತನ್ನ ಜಿಓಜಿ ಆನ್‌ಲೈನ್ ಮಳಿಗೆಯಲ್ಲಿ ಇಂಥ ಬೀಗವಿಲ್ಲದೆಯೇ ಮಾರಿತು. ಅಂಥ ಆಟದ ಇನ್‌ಸ್ಟಾಲರ್ ಫೈಲನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ನೆಟ್ ಕೈಕೊಟ್ಟರೂ ಆಡಬಹುದು. ನನ್ನ ನಿಷ್ಠೆಯೇನಿದ್ದರೂ ಇಂಥವರಿಗೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ ಕೊಳ್ಳುವುದಾದರೆ ಆಟದ ಪುಟದಲ್ಲಿರುವ ಇಂಥ ಬೀಗದ ಕುರಿತ ಸೂಚನೆಯನ್ನು ಮೊದಲೇ ಓದಿ. ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸು ಕೇಳಬಹುದು.