ಕಾರ್ಡ್ ಕೈಯಲ್ಲಿದ್ದರೂ ಸಿರಾಜ್ ಯಾಕೆ ಉಳಿಯಲಿಲ್ಲ?

ಹಾವೇರಿಯ ಓದುಗರೊಬ್ಬರ ಪತ್ರದ ಸಾರ ಇದು: "2025ರ ಐಪಿಎಲ್‌ಗೆ ಮುಂಚಿನ ಮೆಗಾ ಹರಾಜಿಗೆ ಆರ್‌ಸಿಬಿ 83 ಕೋಟಿ ರೂಪಾಯಿ ಮತ್ತು ಮೂರು ಆರ್‌ಟಿಎಂ ಕಾರ್ಡ್ (ತನ್ನ ಹಳೆಯ ಆಟಗಾರನನ್ನು ಹರಾಜಿನಲ್ಲಿ ಮರಳಿ ಪಡೆಯುವ ಹಕ್ಕು) ಇಟ್ಟುಕೊಂಡು ಹೋಗಿತ್ತು. ಏಳು ಸೀಸನ್ ಆಡಿದ್ದ ಸಿರಾಜ್ ಅವರನ್ನು ಗುಜರಾತ್ ಎತ್ತಿಕೊಂಡು ಹೋಗುವಾಗ ಸುಮ್ಮನೆ ಕೂತಿದ್ದೇಕೆ? ಕೊಹ್ಲಿಗೆ 21 ಕೋಟಿ ಕೊಟ್ಟಿದ್ದಕ್ಕೆ ದುಡ್ಡು ಸಾಲಲಿಲ್ಲವೇ? ಕರ್ನಾಟಕದ ಹುಡುಗರನ್ನು ಇಟ್ಟುಕೊಳ್ಳಲೇಬೇಕು ಅನ್ನುವ ನಿಯಮ ಇಲ್ಲವೇ?"

ಕೊಹ್ಲಿಯ ಲೆಕ್ಕದಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಆ ಹರಾಜಿಗೆ ಪ್ರತಿ ತಂಡದ ಪರ್ಸ್, ಅಂದರೆ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಒಟ್ಟು ಹಣ, 120 ಕೋಟಿ. ಹಳೆಯ ಆಟಗಾರರಲ್ಲಿ ಒಟ್ಟು ಆರು ಜನರನ್ನು ಉಳಿಸಿಕೊಳ್ಳಬಹುದಿತ್ತು. 2024ರ ಅಕ್ಟೋಬರ್ 31ರೊಳಗೆ ನೇರವಾಗಿ ರಿಟೇನ್ ಮಾಡಿ, ಇಲ್ಲವೇ ಹರಾಜಿನಲ್ಲಿ ಆರ್‌ಟಿಎಂ ಹಾಕಿ. ಆ ಆರರಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿದ ಕ್ಯಾಪ್ಡ್ ಆಟಗಾರರು ಐದಕ್ಕಿಂತ ಹೆಚ್ಚಿರಬಾರದು, ಅನ್‌ಕ್ಯಾಪ್ಡ್ ಆಟಗಾರರು ಎರಡಕ್ಕಿಂತ ಹೆಚ್ಚಿರಬಾರದು. ಕ್ಯಾಪ್ಡ್ ಆಟಗಾರರಿಗೆ ಕ್ರಮವಾಗಿ 18, 14, 11, 18, 14 ಕೋಟಿ ಎಂಬ ಸ್ಲ್ಯಾಬ್, ಅಂದರೆ ನಿಗದಿತ ದರ. ಅನ್‌ಕ್ಯಾಪ್ಡ್‌ಗೆ ತಲಾ 4 ಕೋಟಿ. ನಾಲ್ಕನೆಯವನಿಗೆ ದರ ಮತ್ತೆ 18ಕ್ಕೆ ಏರುವುದನ್ನು ಗಮನಿಸಿ. ಮೂವರ ಮೇಲೆ ಇಟ್ಟುಕೊಳ್ಳುವ ತಂಡಕ್ಕೆ ಕೈ ಸುಡಲಿ ಎಂದೇ ಹಾಗೆ ಮಾಡಿದ್ದು.

ಸ್ಲ್ಯಾಬ್‌ನ ಒಟ್ಟು ಮೊತ್ತವನ್ನು ಆಟಗಾರರ ನಡುವೆ ಹೇಗೆ ಹಂಚಬೇಕು ಎಂಬುದು ತಂಡಕ್ಕೆ ಬಿಟ್ಟದ್ದು. ಆರ್‌ಸಿಬಿ ಕೊಹ್ಲಿಗೆ 21, ರಜತ್ ಪಾಟೀದಾರ್‌ಗೆ 11 ಕೊಟ್ಟಿತು. ಕೂಡಿದರೆ 32. ಮೊದಲ ಎರಡು ಸ್ಲ್ಯಾಬ್, ಅಂದರೆ 18 ಮತ್ತು 14, ಕೂಡಿದರೂ 32. ಹಾಗಾಗಿ ಕೊಹ್ಲಿಯ ಹೆಚ್ಚುವರಿ 3 ಕೋಟಿ ಬಂದದ್ದು ಪಾಟೀದಾರ್ ಸ್ಲ್ಯಾಬ್‌ನಿಂದ. ಪರ್ಸ್‌ಗೆ ಅದರಿಂದ ಒಂದು ರೂಪಾಯಿಯೂ ಹೊರೆಯಾಗಲಿಲ್ಲ. ಅನ್‌ಕ್ಯಾಪ್ಡ್ ಯಶ್ ದಯಾಳ್‌ಗೆ ಕೊಟ್ಟ 5 ಕೋಟಿಯಲ್ಲಿ ಮಾತ್ರ 1 ಕೋಟಿ ಹೆಚ್ಚು ಹೋಯಿತು. ಒಟ್ಟು 37 ಹೋಗಿ 83 ಉಳಿಯಿತು.

ಸ್ಲ್ಯಾಬ್‌ಗಿಂತ ಕಡಿಮೆ ಕೊಟ್ಟರೆ ಉಳಿತಾಯವಾಗುತ್ತದೆ ಎಂದು ಎಷ್ಟೋ ಅಭಿಮಾನಿಗಳು ತಿಳಿದಿದ್ದಾರೆ. ಆಗುವುದಿಲ್ಲ. ಕೊಟ್ಟ ಹಣ, ಸ್ಲ್ಯಾಬ್ ಮೊತ್ತ ಎರಡರಲ್ಲಿ ಯಾವುದು ದೊಡ್ಡದೋ ಅದೇ ಪರ್ಸ್‌ನಿಂದ ಕಡಿತ. ಕೋಲ್ಕತ್ತ ರಿಂಕು ಸಿಂಗ್‌ಗೆ 13, ವರುಣ್, ನರೈನ್, ರಸೆಲ್ ಮೂವರಿಗೆ ತಲಾ 12, ಇಬ್ಬರು ಅನ್‌ಕ್ಯಾಪ್ಡ್‌ಗಳಿಗೆ ತಲಾ 4 ಕೊಟ್ಟಿತು. ಕೊಟ್ಟದ್ದು 57, ಕಡಿತವಾದದ್ದು 69. ಮಾಲೀಕರ ಖಾತೆಯಲ್ಲಿ 12 ಕೋಟಿ ಉಳಿದಿರಬಹುದು, ಹರಾಜಿನ ಮೇಜಿಗೆ ಅದು ಬರಲಿಲ್ಲ.

ಈಗ ಸಿರಾಜ್. ಅವರನ್ನು ಮೂರನೆಯ ಕ್ಯಾಪ್ಡ್ ಆಟಗಾರನಾಗಿ ರಿಟೇನ್ ಮಾಡಿದ್ದರೆ, ಅವರೂ ಒಪ್ಪಿದ್ದರೆ, 11 ಕೋಟಿಗೆ ಮುಗಿಯುತ್ತಿತ್ತು. ನಿಜವಾದ ತೀರ್ಮಾನ ಆದದ್ದು ಅಲ್ಲಿ, ಜೆಡ್ಡಾದ ಹರಾಜು ಕೋಣೆಯಲ್ಲಲ್ಲ. ಹನ್ನೊಂದು ಕೋಟಿಗೆ ಬೇಡವೆಂದು ಬಿಟ್ಟ ತಂಡ, ಬೆಲೆ 12.25 ಕೋಟಿಗೆ ಏರಿದ ಮೇಲೆ ಕಾರ್ಡ್ ಎತ್ತಿದ್ದರೆ ತನ್ನ ಲೆಕ್ಕವನ್ನು ತಾನೇ ಅಲ್ಲಗಳೆದಂತೆ.

ಅದೂ ಅಲ್ಲದೆ 2024ರ ಆರ್‌ಟಿಎಂ 2018ರದ್ದಲ್ಲ. ಆಗ ಕೊನೆಯ ಬಿಡ್‌ಗೆ ಸರಿಸಮ ಹಣ ಕೊಟ್ಟರೆ ಆಟಗಾರ ನಿಮ್ಮವನು. 2024ರಲ್ಲಿ ಹಳೆಯ ತಂಡ ಕಾರ್ಡ್ ಎತ್ತಿದೊಡನೆ, ಅತಿ ಹೆಚ್ಚು ಕೂಗಿದ ತಂಡಕ್ಕೆ ಇನ್ನೊಂದೇ ಒಂದು ಅವಕಾಶ. ಎಷ್ಟು ಬೇಕಾದರೂ ಏರಿಸಬಹುದು. ಆ ಏರಿಸಿದ ಬೆಲೆಗೆ ಹಳೆಯ ತಂಡ ಒಪ್ಪಬೇಕು, ಇಲ್ಲವೇ ಬಿಡಬೇಕು. ಪಂತ್ ಬೆಲೆ 20.75 ಕೋಟಿಯಲ್ಲಿದ್ದಾಗ ಡೆಲ್ಲಿ ಕಾರ್ಡ್ ಎತ್ತಿತು, ಲಖನೌ ಒಮ್ಮೆಗೇ 27 ಅಂದಿತು, ಡೆಲ್ಲಿ ಹಿಂದೆ ಸರಿಯಿತು. ಅರ್ಷದೀಪ್‌ಗೆ ಹೈದರಾಬಾದ್ 15.75ರಿಂದ 18ಕ್ಕೆ ಏರಿಸಿತು, ಪಂಜಾಬ್ ಒಪ್ಪಿ ಉಳಿಸಿಕೊಂಡಿತು. ಇದೇ ಆಟವನ್ನು ಆರ್‌ಸಿಬಿಯೂ ಆಡಿದೆ: ಜಿತೇಶ್ ಶರ್ಮಾ 7 ಕೋಟಿಯಲ್ಲಿದ್ದಾಗ ಪಂಜಾಬ್ ಕಾರ್ಡ್ ಎತ್ತಿದ್ದಕ್ಕೆ ನೇರ 11ಕ್ಕೆ ಹೋಯಿತು. ಈ ನಿಯಮದಿಂದ ಗೆದ್ದವನು ಆಟಗಾರ, ತಂಡವಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ಸಮಾಧಾನ ಎಂದರೆ, ಬೆಲೆ ಒಪ್ಪದೆ ಬಿಟ್ಟರೆ ಕಾರ್ಡ್ ಖರ್ಚಾಗುವುದಿಲ್ಲ. ಪಂತ್ ಕೈತಪ್ಪಿದ ಮೇಲೂ ಡೆಲ್ಲಿ ತನ್ನ ಎರಡೂ ಕಾರ್ಡ್‌ಗಳನ್ನು ಫ್ರೇಸರ್-ಮೆಕ್‌ಗರ್ಕ್ ಮತ್ತು ಮುಕೇಶ್ ಕುಮಾರ್‌ಗೆ ಬಳಸಿತು.

ಮೂರು ಕಾರ್ಡ್‌ಗಳಲ್ಲಿ ಆರ್‌ಸಿಬಿ ಬಳಸಿದ್ದು ಒಂದೇ, ಸ್ವಪ್ನಿಲ್ ಸಿಂಗ್‌ಗೆ, 50 ಲಕ್ಷಕ್ಕೆ. ವಿಲ್ ಜ್ಯಾಕ್ಸ್ 5.25 ಕೋಟಿಗೆ ಮುಂಬೈ ಪಾಲಾದಾಗ ನಮಗೂ ಬೇಸರವಾಯಿತು. ಆ ಬೆಲೆಗೆ ಒಮ್ಮೆ ಕಾರ್ಡ್ ಎತ್ತಿ ನೋಡಬಹುದಿತ್ತು. ಸಿರಾಜ್ ವಿಷಯ ಹಾಗಲ್ಲ. 83 ಕೋಟಿಯಲ್ಲಿ 19 ಜನರನ್ನು ಕೊಂಡ ಮೇಲೆ ಉಳಿದದ್ದು ಬರೀ 75 ಲಕ್ಷ. ಸಿರಾಜ್‌ಗೆ 12.25 ಹೋಗಿದ್ದರೆ ಭುವನೇಶ್ವರ್ (10.75) ಬರುತ್ತಿರಲಿಲ್ಲ, ಅಥವಾ ಕೃಣಾಲ್ ಪಾಂಡ್ಯ (5.75), ಟಿಮ್ ಡೇವಿಡ್ (3), ಸುಯಶ್ ಶರ್ಮಾ (2.6) ಮೂವರೂ ಬರುತ್ತಿರಲಿಲ್ಲ. 2025ರ ಫೈನಲ್‌ನಲ್ಲಿ 17 ರನ್‌ಗೆ 2 ವಿಕೆಟ್ ತೆಗೆದು ಪಂದ್ಯಶ್ರೇಷ್ಠ ಆದವರು ಕೃಣಾಲ್.

ರಾಜ್ಯದ ಆಟಗಾರರ ಪ್ರಶ್ನೆಗೆ ಉತ್ತರ ಚಿಕ್ಕದು. ಲೀಗ್‌ನ ಮೊದಲ ವರ್ಷಗಳಲ್ಲಿ ಸ್ಥಳೀಯರನ್ನು ತೆಗೆದುಕೊಳ್ಳುವ ಷರತ್ತಿತ್ತು, 2008ರಲ್ಲಿ ದ್ರಾವಿಡ್ ಬೆಂಗಳೂರಿನ ಐಕಾನ್ ಆಟಗಾರರಾಗಿದ್ದರು, ಅಂದರೆ ತವರಿನ ತಂಡಕ್ಕೇ ಮೀಸಲಿಟ್ಟ ತಾರೆ. ಈಗ ಅಂಥ ಕಟ್ಟುಪಾಡಿಲ್ಲ. ತಂಡದಲ್ಲಿ 18ರಿಂದ 25 ಜನ, ವಿದೇಶಿಯರು ಎಂಟರೊಳಗೆ, ಪರ್ಸ್‌ನ ಶೇ 75ರಷ್ಟು ಖರ್ಚು: ಇಷ್ಟಿದ್ದರೆ ಸಾಕು. ಕರ್ನಾಟಕದವರೇ ಆದ ರಾಹುಲ್ 14 ಕೋಟಿಗೆ ಡೆಲ್ಲಿಗೆ, ಪ್ರಸಿದ್ಧ್ 9.5 ಕೋಟಿಗೆ ಗುಜರಾತ್‌ಗೆ ಹೋದರು. ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದಿದ್ದ ಪಡಿಕ್ಕಲ್ ಅವರನ್ನು ಕೊನೆಯ ವೇಗದ ಸುತ್ತಿನಲ್ಲಿ ಮೂಲಬೆಲೆ 2 ಕೋಟಿಗೇ ಆರ್‌ಸಿಬಿ ತಂದದ್ದು ಮಾತ್ರ ಜಾಣ ವ್ಯಾಪಾರ.

ಇನ್ನು ಮುಂದಿನ ಮೆಗಾ ಹರಾಜಿನವರೆಗೆ ಈ ಸ್ಲ್ಯಾಬ್ ಲೆಕ್ಕ ಬೇಕಿಲ್ಲ. ನಡುವಿನ ಮಿನಿ ಹರಾಜಿಗೆ ಮುಂಚೆ ಎಷ್ಟು ಜನರನ್ನಾದರೂ ಅವರವರ ಬೆಲೆಗೆ ಉಳಿಸಿಕೊಳ್ಳಬಹುದು, ಬಿಟ್ಟವರ ಹಣ ಪೂರ್ತಿ ಪರ್ಸ್‌ಗೆ ಮರಳುತ್ತದೆ. ಆದರೆ ಅಲ್ಲಿ ಆರ್‌ಟಿಎಂ ಇಲ್ಲ. 8.75 ಕೋಟಿಯ ಲಿವಿಂಗ್‌ಸ್ಟೋನ್ ಅವರನ್ನು ಆರ್‌ಸಿಬಿ ಬಿಟ್ಟಿತು; 2025ರ ಡಿಸೆಂಬರ್‌ನಲ್ಲಿ ಅಬುಧಾಬಿಯಲ್ಲಿ ಹೈದರಾಬಾದ್ ಅವರನ್ನು 13 ಕೋಟಿಗೆ ಕೊಂಡಿತು. ಅದೇ ಹರಾಜಿನಲ್ಲಿ ಕೋಲ್ಕತ್ತ ಕೊಂಡ ಆಸ್ಟ್ರೇಲಿಯಾದ ಗ್ರೀನ್ ಬೆಲೆ 25.20 ಕೋಟಿ ಎಂದು ನೀವು ಓದಿರಬಹುದು. ಮಿನಿ ಹರಾಜಿನಲ್ಲಿ ವಿದೇಶಿ ಆಟಗಾರನ ಕೈಗೆ ಸಿಗುವುದಕ್ಕೆ 18 ಕೋಟಿಯ ಮಿತಿ ಇದೆ. ಕೋಲ್ಕತ್ತದ ಪರ್ಸ್‌ನಿಂದ 25.20 ಪೂರ್ತಿ ಕಡಿತವಾದರೂ ಮೇಲಿನ 7.20 ಕೋಟಿ ಬಿಸಿಸಿಐನ ಆಟಗಾರರ ಕಲ್ಯಾಣಕ್ಕೆ ಹೋಗುತ್ತದೆ.

— ಸಂಪಾದಕ