ಕ್ಲೀನಿಂಗ್ ಮಾಡಿಸಿದ್ಮೇಲೆ ಹಲ್ಲು ಜುಂ ಅಂತಿದೆ, ಏನ್ಮಾಡ್ಲಿ?

ಪ್ರಶ್ನೆ: ಡಾಕ್ಟ್ರೇ, ಐದು ದಿನದ ಹಿಂದೆ ಹಲ್ಲು ಕ್ಲೀನಿಂಗ್ ಮಾಡಿಸ್ಕೊಂಡೆ, ಜೀವನದಲ್ಲಿ ಇದೇ ಮೊದಲು. ಅವತ್ತಿಂದ ತಣ್ಣೀರು ಬಾಯಿಗೆ ಹಾಕೋ ಹಾಗಿಲ್ಲ, ಕೆಳಗಿನ ಮುಂದಿನ ಹಲ್ಲು ಜುಂ ಅನ್ನುತ್ತೆ, ಬಾಯಲ್ಲಿ ಉಸಿರು ಎಳ್ಕೊಂಡ್ರೂ ಅದೇ ಕಥೆ. ಹಲ್ಲಿನ ಮಧ್ಯೆ ಸಂದಿನೂ ಕಾಣ್ತಿದೆ. ಮಿಷಿನ್ ಹಾಕಿ ಹಲ್ಲನ್ನೇ ಸವೆಸಿಬಿಟ್ಟಿದ್ದಾರೆ ಅಂತ ಮನೇಲಿ ಎಲ್ಲರೂ ಹೇಳ್ತಿದ್ದಾರೆ. ನೋವಿಗೆ ಹೆದರಿ ಆ ಜಾಗದಲ್ಲಿ ಬ್ರಶ್ ಮಾಡೋದೇ ಬಿಟ್ಟಿದ್ದೀನಿ. ಇದು ಸರಿಹೋಗುತ್ತಾ?

ಉತ್ತರ: ಸರಿಹೋಗುತ್ತೆ, ಆದ್ರೆ ಇವತ್ತು ರಾತ್ರಿನೇ ಆ ಜಾಗದಲ್ಲಿ ಬ್ರಶ್ ಮಾಡೋಕೆ ಶುರು ಮಾಡಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆಗಿದ್ದು ಅದೊಂದೇ ವಿಷಯ. ಬ್ರಶ್ ಬಿಟ್ರೆ ಅಲ್ಲಿ ಮತ್ತೆ ಪಾಚಿ ಕಟ್ಟುತ್ತೆ, ವಸಡು ಊದುತ್ತೆ, ಜುಂ ಅನ್ನೋದು ಇನ್ನೂ ಜಾಸ್ತಿ ಆಗುತ್ತೆ. ಸಾಫ್ಟ್ ಬ್ರಶ್ ತಗೊಳ್ಳಿ, ಉಗುರು ಬೆಚ್ಚಗಿನ ನೀರು ಬಳಸಿ, ಒತ್ತಿ ಉಜ್ಜಬೇಡಿ.

ಮಿಷಿನ್ ಹಲ್ಲನ್ನ ಸವೆಸಿಲ್ಲ. ನಾಲಿಗೆ ಕೆಳಗೆ ಜೊಲ್ಲು ಬರೋ ಗ್ರಂಥಿಗಳ ಬಾಯಿ ಇರೋದು ಕೆಳಗಿನ ಮುಂದಿನ ಹಲ್ಲುಗಳ ಹಿಂದೆನೇ, ಜೊಲ್ಲಲ್ಲಿರೋ ಖನಿಜ ಪಾಚಿ ಮೇಲೆ ಕೂತು ಗಟ್ಟಿಯಾಗಿ ಗಾರೆ ಥರ ಆಗುತ್ತೆ, ಅದಕ್ಕೇ ಎಲ್ಲರಿಗೂ ಅಲ್ಲೇ ಜಾಸ್ತಿ ಕಟ್ಟೋದು. ವರ್ಷಗಟ್ಟಲೆ ಅದು ಕೂತಿರೋವಾಗ ವಸಡು ಕೆಳಗೆ ಸರಿದು ಬೇರಿನ ಮೇಲ್ಭಾಗ ಹೊರಗೆ ಬಂದಿರುತ್ತೆ, ಆದ್ರೆ ಗಾರೆ ಮುಚ್ಕೊಂಡಿರೋದ್ರಿಂದ ನಿಮಗೆ ಗೊತ್ತಾಗಲ್ಲ. ಈಗ ಗಾರೆ ಹೋಯ್ತು, ಊದಿದ್ದ ವಸಡೂ ಇಳೀತಾ ಇದೆ. ಸಂದಿ ಮೊದಲೇ ಇತ್ತು, ಈಗ ಕಾಣ್ತಿದೆ ಅಷ್ಟೇ.

ಹಲ್ಲಿನ ಮೇಲ್ಭಾಗಕ್ಕೆ ಇರೋ ಎನಾಮಲ್ ಅನ್ನೋ ಗಟ್ಟಿ ಹೊದಿಕೆ ಬೇರಿಗೆ ಇಲ್ಲ. ಅಲ್ಲಿನ ತೆಳು ಪದರದ ಕೆಳಗೆ ಡೆಂಟಿನ್ ಇದೆ, ಅದರ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಒಳಗೆ ದ್ರವ. ತಣ್ಣೀರೋ ಗಾಳಿಯೋ ತಾಗಿದ ತಕ್ಷಣ ಆ ದ್ರವ ಅಲುಗಾಡಿ ಒಳಗಿನ ನರಕ್ಕೆ ಗೊತ್ತಾಗುತ್ತೆ, ಉಸಿರು ಎಳ್ಕೊಂಡ್ರೂ ಜುಂ ಅನ್ನೋದು ಇದರಿಂದಾನೇ.

ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆ ಆಗುತ್ತೆ, ವಸಡಿನ ಒಳಗೆ ಡೀಪ್ ಕ್ಲೀನಿಂಗ್ ಮಾಡಿದ್ರೆ ಇನ್ನೂ ಸ್ವಲ್ಪ ದಿನ ಹಿಡೀಬಹುದು. ಸೆನ್ಸಿಟಿವ್ ಹಲ್ಲಿಗೆ ಅಂತಲೇ ಸಿಗೋ ಪೇಸ್ಟ್ ತಗೊಳ್ಳಿ, ಪೊಟ್ಯಾಸಿಯಂ ನೈಟ್ರೇಟ್ 5% ಇರೋದಾದ್ರೆ ಅದು ನರವನ್ನ ಶಾಂತ ಮಾಡುತ್ತೆ, ಸ್ಟ್ಯಾನಸ್ ಫ್ಲೋರೈಡ್ ಇರೋದಾದ್ರೆ ಕೊಳವೆ ಬಾಯಿ ಮುಚ್ಚುತ್ತೆ. ಮೂರು ದಿನ ಹಚ್ಚಿ ಏನೂ ಆಗ್ಲಿಲ್ಲ ಅಂತ ಬಿಟ್ಟುಬಿಡೋರೇ ಜಾಸ್ತಿ, ದಯವಿಟ್ಟು ನೀವು ಹಾಗೆ ಮಾಡಬೇಡಿ, ದಿನಕ್ಕೆ ಎರಡು ಸಲ ಬಳಸಿದ್ರೂ ಪೂರ್ತಿ ಗುಣ ಕಾಣೋಕೆ 2ರಿಂದ 4 ವಾರ ಬೇಕು. ಉಜ್ಜಿ ಆದ್ಮೇಲೆ ಉಗುಳಿ ಸಾಕು, ನೀರು ಹಾಕಿ ಗಳಗಳ ಮುಕ್ಕಳಿಸಿದ್ರೆ ಔಷಧಿನೂ ಹೋಗಿಬಿಡುತ್ತೆ. ಹಲ್ಲು ಬೆಳ್ಳಗೆ ಮಾಡೋ ಪೇಸ್ಟು, ಇದ್ದಿಲು ಪುಡಿ ಸದ್ಯಕ್ಕೆ ಬೇಡ. ಹುಳಿ ತಿಂದ್ರೆ ಅಥವಾ ಕೂಲ್ ಡ್ರಿಂಕ್ಸ್ ಕುಡಿದ್ರೆ ಕನಿಷ್ಠ ಅರ್ಧ ಗಂಟೆ ಬಿಟ್ಟು ಬ್ರಶ್ ಮಾಡಿ.

ಎರಡು ವಾರ ಆದ್ರೂ ಸ್ವಲ್ಪನೂ ಇಳೀಲಿಲ್ಲ ಅಂದ್ರೆ ಕ್ಲೀನಿಂಗ್ ಮಾಡಿದ ಡಾಕ್ಟರ್ ಹತ್ರಾನೇ ಹೋಗಿ, ಫ್ಲೋರೈಡ್ ವಾರ್ನಿಶ್ ಅನ್ನೋ ಔಷಧಿ ಲೇಪ ಹಲ್ಲಿಗೆ ಹಚ್ತಾರೆ, ಕೆಲವೇ ನಿಮಿಷದ ಕೆಲಸ. ಆದ್ರೆ ತಣ್ಣೀರು ನುಂಗಿ ಆದ್ಮೇಲೂ ನೋವು ನಿಂತೇ ಇದ್ರೆ, ಬಿಸಿಗೆ ಜಾಸ್ತಿ ಆದ್ರೆ, ರಾತ್ರಿ ತಾನಾಗೇ ಎದ್ದು ನಿದ್ದೆ ಕೆಡಿಸಿದ್ರೆ, ಒಂದೇ ಹಲ್ಲು ಕಚ್ಚಿದಾಗ ಚುಳ್ ಅಂದ್ರೆ, ಊತ ಅಥವಾ ಜ್ವರ ಬಂದ್ರೆ ಎರಡು ವಾರ ಕಾಯೋಕೆ ಹೋಗಬೇಡಿ. ಅದು ಕ್ಲೀನಿಂಗ್‌ನಿಂದ ಬಂದ ಜುಂ ಅಲ್ಲದೇ ಇರಬಹುದು, ಹುಳುಕೋ ಬಿರುಕೋ ನರದ ತೊಂದರೆಯೋ ಇದ್ಯಾ ಅಂತ ಎಕ್ಸ್‌ರೇ ತೆಗೆದು ನೋಡ್ಬೇಕಾಗುತ್ತೆ.

ಮುಂದಿನ ಸಲ ಕ್ಲೀನಿಂಗ್‌ಗೆ ಹೋದಾಗ ಕುರ್ಚಿ ಮೇಲೆ ಕೂರೋ ಮೊದಲೇ ಹೀಗಾಗಿತ್ತು ಅಂತ ಡಾಕ್ಟ್ರಿಗೆ ಹೇಳಿ, ಜೋಮು ಹಿಡಿಸೋ ಜೆಲ್ ಹಚ್ಚಿ ಮಾಡೋಕೆ ಬರುತ್ತೆ.