ಮೂತಿ ಭಾರ, ಬಾಲ ಅಗಲ: ರಾಕೆಟ್ ಹುಡುಗರ ಪ್ರಶ್ನೆಗಳು, ಮೇಷ್ಟ್ರ ಉತ್ತರಗಳು

ಹೋದ ತಿಂಗಳು ಮಾಡೆಲ್ ರಾಕೆಟ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬರೆದಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ರಾಕೆಟ್ಟೇ. ಸ್ಪರ್ಧೆ ಹತ್ತಿರ ಬಂತು ಅಂತ ಕಾಣುತ್ತದೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಬದಿಗಿಟ್ಟಿದ್ದೇನೆ. ಗುಡುಗು ಬಂದರೆ ಹಾಲು ಒಡೆಯುತ್ತದಾ ಎಂದು ಕೇಳಿದ ಪಾಂಡವಪುರದ ಅಜ್ಜಿ ಬೇಸರ ಮಾಡಿಕೊಳ್ಳಬಾರದು, ನಿಮ್ಮದು ಮುಂದಿನ ತಿಂಗಳು ಮೊದಲನೆಯದು.

ಮೇಷ್ಟ್ರೇ, ನಾವು ಐದು ಜನ, ಮಂಡ್ಯದಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಕಾಲೇಜಿನವರು ತರಿಸಿಕೊಟ್ಟ ಡಿ12-5 ಅನ್ನುವ ರೆಡಿಮೇಡ್ ಮೋಟಾರ್ ಹಾಕಿ ಟ್ರಯಲ್ ಮಾಡಿದೆವು. ನೇರ ಏರಲು ಆಸರೆಗೆ ನಿಲ್ಲಿಸಿದ ರಾಡ್ ಬಿಟ್ಟು ಹತ್ತಡಿ ಹೋಗಿದ್ದೇ ತಡ, ಪಲ್ಟಿ ಹೊಡೆದು ಪಕ್ಕಕ್ಕೆ ನುಗ್ಗಿತು. ಮೊದಲೇ ಬೆರಳ ಮೇಲೆ ಇಟ್ಟು ನೋಡಿದ್ದೆವು, ತೂಕದ ಮಧ್ಯಬಿಂದು ಮೂತಿಯಿಂದ 27 ಸೆಂ.ಮೀ.ಗೆ ಇತ್ತು. ಗಾಳಿಯ ಒತ್ತಡದ ಬಿಂದು 31 ಅಂತ ಸಾಫ್ಟ್‌ವೇರ್ ಹೇಳಿತ್ತು. ಟ್ಯೂಬಿನ ವ್ಯಾಸ 4 ಸೆಂ.ಮೀ., ತೂಕ 150 ಗ್ರಾಂ. ಲೆಕ್ಕ ಸರಿಯಿದೆಯಲ್ಲ, ಮತ್ತೆ ಯಾಕೆ ಹೀಗೆ?

ಒಂದೇ ಮಾತು ಕೇಳುತ್ತೇನೆ. ಬೆರಳ ಮೇಲೆ ಇಟ್ಟಾಗ ಒಳಗೆ ಮೋಟಾರ್ ಇತ್ತಾ?

ಇರಲಿಲ್ಲ ಅಂತ ನನ್ನ ಊಹೆ. ಸ್ಪರ್ಧೆಗೆ ಹೋಗುವ ಪ್ರತಿ ಎರಡನೇ ತಂಡ ಈ ಹಳ್ಳಕ್ಕೇ ಬೀಳುತ್ತದೆ. ನಾನೂ ಬಿದ್ದಿದ್ದೇನೆ. ನೋಡಿ, ರಾಕೆಟ್ ನೇರ ಹೋಗಬೇಕಾದರೆ ತೂಕದ ಬಿಂದು ಮುಂದೆ ಇರಬೇಕು, ಗಾಳಿಯ ಬಿಂದು, ಅಂದರೆ ಪಕ್ಕದಿಂದ ಗಾಳಿ ಒತ್ತುವ ಬಲವೆಲ್ಲ ಒಟ್ಟಾಗಿ ಬೀಳುವ ಜಾಗ, ಹಿಂದೆ ಇರಬೇಕು, ನಡುವೆ ಕಡೇ ಪಕ್ಷ ಟ್ಯೂಬಿನ ಒಂದು ವ್ಯಾಸದಷ್ಟು ಅಂತರ ಇರಬೇಕು. ನಿಮ್ಮ ಲೆಕ್ಕದಲ್ಲಿ ಸರಿಯಾಗಿ 4 ಸೆಂ.ಮೀ. ಇದೆ, ಪಾಸು. ಆದರೆ ಡಿ12 ಮೋಟಾರ್ ಸುಮಾರು 44 ಗ್ರಾಂ ತೂಗುತ್ತದೆ, ಅದು ಕೂತಿರುವುದು ಬಾಲದಲ್ಲಿ. ಅದರ ಮಧ್ಯ ಮೂತಿಯಿಂದ 56 ಸೆಂ.ಮೀ.ಗೆ ಇದೆ ಅಂದುಕೊಳ್ಳಿ. 150ನ್ನು 27ರಿಂದ ಗುಣಿಸಿದರೆ 4050, 44ನ್ನು 56ರಿಂದ ಗುಣಿಸಿದರೆ 2464. ಕೂಡಿದರೆ 6514. ಒಟ್ಟು ತೂಕ 194ರಿಂದ ಭಾಗಿಸಿ, 33.6 ಬರುತ್ತದೆ. ಅಂದರೆ ಹಾರುವ ಹೊತ್ತಿಗೆ ನಿಮ್ಮ ತೂಕದ ಬಿಂದು ಗಾಳಿಯ ಬಿಂದುವಿಗಿಂತ ಹಿಂದೆ ಹೋಗಿ ಕೂತಿದೆ. ಪಲ್ಟಿ ಹೊಡೆಯದೆ ಇನ್ನೇನು ಮಾಡುತ್ತದೆ ಪಾಪ.

ಮೂತಿಗೆ ಜೇಡಿಮಣ್ಣು ಮೆತ್ತಿಬಿಡೋಣ ಅಂತ ತಕ್ಷಣ ಅನ್ನಿಸುತ್ತದೆ. ಅನ್ನಿಸಲಿ, ಆದರೆ ಲೆಕ್ಕ ಹಾಕಿ. ಬರೀ ಮಣ್ಣಿನಿಂದಲೇ ಸರಿಮಾಡಲು ಹೊರಟರೆ ಮೂತಿಯಿಂದ 5 ಸೆಂ.ಮೀ. ಒಳಗೆ 58 ಗ್ರಾಂ ತುಂಬಬೇಕು. ಅಷ್ಟು ಭಾರ ಹೊತ್ತರೆ ಎತ್ತರ ಎಲ್ಲಿಂದ ಬರಬೇಕು? ಬಾಲದ ರೆಕ್ಕೆಗಳನ್ನು, ಅಂದರೆ ಫಿನ್‌ಗಳನ್ನು ಸ್ವಲ್ಪ ದೊಡ್ಡದು ಮಾಡಿ, ಹಿಂದಕ್ಕೆ ಓರೆಯಾಗಿ ಕತ್ತರಿಸಿ. ಅದರಿಂದ ಗಾಳಿಯ ಬಿಂದು 35ಕ್ಕೆ ಸರಿದರೆ ಆಗ 20 ಗ್ರಾಂ ಮಣ್ಣು ಸಾಕು. ಹೊಸ ಫಿನ್ನಿನ ತೂಕ, ಅಂಟು, ಬಣ್ಣ ಎಲ್ಲ ಸೇರಿಸಿ ಇನ್ನೊಮ್ಮೆ ತೂಗಿ. ಫೆವಿಕಾಲ್ ಕೂಡ ಒಣಗಿದ ಮೇಲೆ ಗ್ರಾಂಗಟ್ಟಲೆ ತೂಗುತ್ತದೆ, ಸಾಫ್ಟ್‌ವೇರಿಗೆ ಅದು ಗೊತ್ತಿರುವುದಿಲ್ಲ.

ಕೊನೆಗೆ ದಾರದ ಪರೀಕ್ಷೆ ಮಾಡಿ. ಮೋಟಾರ್, ಪ್ಯಾರಾಚೂಟ್ ಎಲ್ಲ ಒಳಗಿಟ್ಟು, ತೂಕದ ಬಿಂದುವಿಗೆ ಗಟ್ಟಿ ದಾರ ಕಟ್ಟಿ, ಎರಡು ಮೂರು ಮೀಟರ್ ದಾರ ಬಿಟ್ಟು ತಲೆಯ ಮೇಲೆ ಸುತ್ತಿಸಿ. ಮೂತಿ ಮುಂದೆ ಮಾಡಿಕೊಂಡು ಸುತ್ತಿದರೆ ಸರಿ. ಅಡ್ಡಡ್ಡ ಅಥವಾ ಬಾಲ ಮುಂದಾಗಿ ಸುತ್ತಿದರೆ ಅವತ್ತು ಹಾರಿಸಬೇಡಿ. ಹಾಸ್ಟೆಲ್ ಮಾಳಿಗೆ ಮೇಲೆ ಮಾಡಬೇಡಿ, ನೀರಿನ ಟ್ಯಾಂಕಿಗೆ ಬಡಿದು ಫಿನ್ ಮುರಿದುಕೊಂಡವರನ್ನು ನೋಡಿದ್ದೇನೆ.

ಮೈಸೂರಿನಿಂದ ಬರೆಯುತ್ತಿದ್ದೇನೆ, ಪಿಯುಸಿ ಓದುತ್ತಿರುವ ಹುಡುಗಿ. ನಮ್ಮ ರಾಕೆಟ್ ಪಲ್ಟಿ ಏನೂ ಹೊಡೆಯುವುದಿಲ್ಲ. ಆದರೆ ಆಷಾಢದ ಗಾಳಿಗೆ ಎದುರಾಗಿ ಬಾಗಿಕೊಂಡು ಹೋಗುತ್ತದೆ. ಗಾಳಿ ತಳ್ಳಿದರೆ ಗಾಳಿ ಜೊತೆ ತಾನೆ ಹೋಗಬೇಕು?

ಹಾಗಂತ ಎಲ್ಲರಿಗೂ ಅನ್ನಿಸುತ್ತದಮ್ಮ. ಆದರೆ ಗಾಳಿ ಜಾಸ್ತಿ ತಳ್ಳುವುದು ಅಗಲವಾದ ಬಾಲವನ್ನು. ಬಾಲ ಹಿಂದಕ್ಕೆ ಹೋದರೆ ಮೂತಿ ಗಾಳಿಯ ಕಡೆಗೆ ತಿರುಗಲೇಬೇಕು, ಉರಿಯುವ ಮೋಟಾರ್ ಆ ದಿಕ್ಕಿಗೇ ನೂಕುತ್ತದೆ. ನಿಮ್ಮ ಫಿನ್ ಬೇಕಾದ್ದಕ್ಕಿಂತ ದೊಡ್ಡದಾಗಿರಬೇಕು. ಮೇಲಿನ ಮಂಡ್ಯದ ಹುಡುಗರಿಗೆ ಕಡಿಮೆಯಾಗಿದ್ದು ನಿಮಗೆ ಹೆಚ್ಚಾಗಿದೆ! ಎರಡು ಬಿಂದುಗಳ ಅಂತರ ಒಂದೂವರೆ ವ್ಯಾಸದ ಆಸುಪಾಸು ಇರಲಿ, ಮೂರು ನಾಲ್ಕಕ್ಕೆ ಹೋಗಬೇಡಿ. ರಾಡ್ ಸ್ವಲ್ಪ ಉದ್ದ ಮಾಡಿ. ರಾಕೆಟ್ ರಾಡ್ ಬಿಡುವಾಗ ಸೆಕೆಂಡಿಗೆ 13-14 ಮೀಟರ್ ವೇಗ ಸಿಕ್ಕಿದ್ದರೆ ಗಾಳಿಯ ಆಟ ಅಷ್ಟು ನಡೆಯುವುದಿಲ್ಲ.

ಇಳಿಯುವುದನ್ನೂ ಯೋಚಿಸಿ. 200 ಮೀಟರ್ ಮೇಲಿಂದ ಸೆಕೆಂಡಿಗೆ 5 ಮೀಟರಿನಂತೆ ಇಳಿದರೆ 40 ಸೆಕೆಂಡು. ಗಾಳಿ ಸೆಕೆಂಡಿಗೆ ಬರೀ 4 ಮೀಟರ್ ಇದ್ದರೂ ರಾಕೆಟ್ 160 ಮೀಟರ್ ಆಚೆ. ನಮ್ಮ ಕಡೆ ಅಷ್ಟು ದೂರ ಅಂದರೆ ಯಾರದ್ದಾದರೂ ಗದ್ದೆ ಅಥವಾ ಕರೆಂಟ್ ತಂತಿ. ಆಳೆತ್ತರದ ಕಬ್ಬಿನೊಳಗೆ ಬಿದ್ದ ರಾಕೆಟ್ ಹುಡುಕುವುದು ಎಂಥ ಶಿಕ್ಷೆ ಅಂತ ಗರಿಯಲ್ಲಿ ಮೈಕೈ ಕೊಯ್ದುಕೊಂಡವರಿಗೇ ಗೊತ್ತು. ತಂತಿಗೆ ಸಿಕ್ಕಿಕೊಂಡರೆ ಮುಗಿಯಿತು, ಕೋಲು ತಗೊಂಡು ಹೋಗಬೇಡಿ, ರಾಕೆಟ್ ಆಸೆ ಬಿಡಿ, ಲೈನ್‌ಮನ್‌ಗೆ ಹೇಳಿ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯವರ ನಿಯಮದಲ್ಲಿ ಗಾಳಿ ಗಂಟೆಗೆ 20 ಮೈಲಿ, ಅಂದರೆ 32 ಕಿ.ಮೀ. ದಾಟಿದರೆ ಹಾರಿಸುವಂತಿಲ್ಲ. ನಾನಾದರೆ ಅದರ ಅರ್ಧಕ್ಕೇ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬನ್ನಿ, ಆಷಾಢದಲ್ಲೂ ಆ ಹೊತ್ತಿಗೆ ಗಾಳಿಯ ಜೋರು ಸ್ವಲ್ಪ ಕಡಿಮೆ ಇರುತ್ತದೆ.

ನನ್ನ ಮಗ ಹತ್ತನೇ ಕ್ಲಾಸು. ವಿಡಿಯೋ ನೋಡಿ ಸಕ್ಕರೆ ಹಾಕಿ ಇಂಧನ ಮಾಡುತ್ತೇನೆ ಅನ್ನುತ್ತಿದ್ದಾನೆ. ಮಂಡ್ಯದವರಿಗೆ ಸಕ್ಕರೆಗೆ ಬರವಾ ಅಂತ ತಮಾಷೆ ಬೇರೆ. ಬಿಡಬಹುದಾ? — ಮದ್ದೂರಿನ ತಂದೆ

ಬೇಡ. ಇದರಲ್ಲಿ ಅಲ್ಪಸ್ವಲ್ಪ ಅನ್ನುವುದಿಲ್ಲ. ಒಲೆಯ ಮೇಲೆ ಅದನ್ನು ಕರಗಿಸುವಾಗ ಹೊತ್ತಿಕೊಂಡರೆ ಆರಿಸಲು ಆಗುವುದಿಲ್ಲ, ಪಿವಿಸಿ ಪೈಪಿಗೆ ತುಂಬಿದರೆ ಅದು ಒಡೆದು ಚೂರುಚೂರಾಗಿ ಹಾರುತ್ತದೆ, ಮೈಯೊಳಗೆ ಹೊಕ್ಕ ಪ್ಲಾಸ್ಟಿಕ್ ಚೂರು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಮೇಲಾಗಿ 1884ರ ಸ್ಫೋಟಕ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಮಗನಿಗೆ ಸಿಟ್ಟು ಬರುತ್ತದೆ, ಬರಲಿ. ಎರಡು ಲೀಟರ್ ಪೆಪ್ಸಿ ಬಾಟಲಿ ಕೊಡಿಸಿ, ಮೂರನೇ ಒಂದು ಭಾಗ ನೀರು ತುಂಬಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ದೂರದಿಂದ ದಾರ ಎಳೆದು ಬಿಡಲಿ. ಫಿನ್, ಮೂತಿಯ ಭಾರ, ಪ್ಯಾರಾಚೂಟ್ ಎಲ್ಲ ಪಾಠವೂ ಅದರಲ್ಲೇ ಇದೆ. ಬಾಟಲಿಗೆ ಗೀರು ಬಿದ್ದಿದ್ದರೆ ಎಸೆಯಿರಿ. ಮುಂದೆ ಕಾಲೇಜಿಗೆ ಹೋದ ಮೇಲೆ ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಸ್ಥೆಯಾದ ಇನ್-ಸ್ಪೇಸ್‌ನವರ ಮಾಡೆಲ್ ರಾಕೆಟ್ರಿ ಸ್ಪರ್ಧೆಯಂಥದ್ದಕ್ಕೆ ಸೇರಲಿ. ಅಲ್ಲಿ ಕೂಡ ಮೋಟಾರ್ ಯಾವುದು, ಎಲ್ಲಿಂದ ಅನ್ನುವುದು ಹುಡುಗರ ಇಷ್ಟಕ್ಕೆ ಬಿಟ್ಟಿದ್ದಲ್ಲ.

ನಮ್ಮದು ಎರಡು ಸಲವೂ ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ. ಡಿ12-5ರಲ್ಲಿ 5 ಅಂದರೇನು ಅಂತಲೂ ಹೇಳಿ. — ಕೆ.ಆರ್. ಪೇಟೆ

ಡಿ ಅಂದರೆ ಮೋಟಾರಿನ ಒಟ್ಟು ನೂಕು, ಅಂದರೆ ನೂಕುಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದು, 10ರಿಂದ 20 ನ್ಯೂಟನ್-ಸೆಕೆಂಡಿನ ಒಳಗೆ. 12 ಅಂದರೆ ಸರಾಸರಿ ನೂಕುಬಲ, ನ್ಯೂಟನ್‌ನಲ್ಲಿ. 5 ಅಂದರೆ ಉರಿದು ಮುಗಿದ ಮೇಲೆ ಐದು ಸೆಕೆಂಡು ಬಿಟ್ಟು ಪ್ಯಾರಾಚೂಟನ್ನು ಹೊರಗೆ ತಳ್ಳುವ ಮದ್ದು ಸಿಡಿಯುತ್ತದೆ. ರಾಕೆಟ್ ಭಾರವಾಗಿದ್ದರೆ ಐದು ಸೆಕೆಂಡಿನೊಳಗೆ ಅದು ಮೇಲೆ ಹೋಗಿ, ತಿರುಗಿ, ಜೋರಾಗಿ ಕೆಳಗೆ ಬರುತ್ತಿರುತ್ತದೆ. ಆಗ ಬಿಚ್ಚಿಕೊಂಡರೆ ದಾರ ಕಿತ್ತುಹೋಗುತ್ತದೆ.

ನಿಮ್ಮದು ಬಿಚ್ಚಿಕೊಳ್ಳಲೇ ಇಲ್ಲ ಅಂದರೆ ಮಡಿಸಿದ್ದೇ ತಪ್ಪಿರಬಹುದು. ಹಿಂದಿನ ರಾತ್ರಿಯೇ ಮಡಿಸಿ ತುಂಬಿಟ್ಟಿರಿ, ಅಲ್ವಾ? ಪ್ಲಾಸ್ಟಿಕ್ ಹಾಳೆ ಬೆಳಿಗ್ಗೆ ಹೊತ್ತಿಗೆ ಅಂಟಿಕೊಂಡಿರುತ್ತದೆ. ಹಾರಿಸುವ ಮುಂಚೆ ಮಡಿಸಿ, ಸ್ವಲ್ಪ ಮುಖದ ಪೌಡರ್ ಉದುರಿಸಿ. ಮೋಟಾರಿಗೂ ಪ್ಯಾರಾಚೂಟಿಗೂ ನಡುವೆ ವ್ಯಾಡಿಂಗ್, ಅಂದರೆ ಬೆಂಕಿ ಹಿಡಿಯದ ಕಾಗದದ ಉಂಡೆ ಇಡಿ, ಸಾದಾ ಟಿಶ್ಯೂ ಪೇಪರ್ ಸುಟ್ಟು ಕಿಡಿಯಾಗಿ ಬೀಳುತ್ತದೆ, ಕೆಳಗೆ ಒಣ ಹುಲ್ಲಿದ್ದರೆ ಕಥೆ ಬೇರೆ. ಮೂತಿ ಜಾಸ್ತಿ ಬಿಗಿಯಾಗಿದೆಯಾ ನೋಡಿ. ಮೂತಿ ಹಿಡಿದು ರಾಕೆಟ್ ಎತ್ತಿದರೆ ಜಾರಬಾರದು, ಕುಲುಕಿದರೆ ಕಳಚಬೇಕು. ಅಳತೆ ಬೇಕಿದ್ದರೆ, 200 ಗ್ರಾಂ ರಾಕೆಟ್ ಸೆಕೆಂಡಿಗೆ 5 ಮೀಟರಿನಂತೆ ಇಳಿಯಲು ಸುಮಾರು 50 ಸೆಂ.ಮೀ. ವ್ಯಾಸದ ಪ್ಯಾರಾಚೂಟ್ ಬೇಕು.

ನಾನು ಪಾಠ ಮಾಡುತ್ತಿದ್ದ ಕಾಲೇಜಿನ ತಂಡ ಒಮ್ಮೆ ಚೆನ್ನಾಗಿ ಹಾರಿಸಿತು. ಮೇಲೆ ಟಪ್ ಅಂತ ಸದ್ದಾಯಿತು, ಕೆಂಪು ಪ್ಯಾರಾಚೂಟ್ ಅರಳಿತು, ಎಲ್ಲರೂ ಚಪ್ಪಾಳೆ ಹೊಡೆದೆವು. ಪ್ಯಾರಾಚೂಟ್ ತೇಲಿಕೊಂಡು ಬಂತು, ಅದರ ಕೆಳಗೆ ಏನೂ ಇರಲಿಲ್ಲ. ರಾಕೆಟ್ ಅಷ್ಟರಲ್ಲಿ ಪಕ್ಕದ ನಾಟಿ ಗದ್ದೆಯ ಕೆಸರಲ್ಲಿ ಮೊಣಕೈಯುದ್ದ ಹೂತುಹೋಗಿತ್ತು. ದಾರದ ಗಂಟು ನೋಡಬೇಕಾದವನು ನಾನೇ. ಆವತ್ತಿನಿಂದ ಗಂಟಿನ ಹೊಣೆ ಇಬ್ಬರಿಗೆ, ಒಬ್ಬರು ಹಾಕುವುದು, ಇನ್ನೊಬ್ಬರು ಎಳೆದು ನೋಡುವುದು.

ಎತ್ತರ ಅಳೆಯಲು ಏನು ದಾರಿ? ಸೆನ್ಸರ್ ತಪ್ಪು ತೋರಿಸುತ್ತಿದೆ. — ಮೈಸೂರು

ಬಿಎಂಪಿ280 ಥರದ ಒತ್ತಡದ ಸೆನ್ಸರ್ ಇರಬೇಕು. ಅದನ್ನಿಟ್ಟ ಜಾಗಕ್ಕೆ ಹೊರಗಿನ ಗಾಳಿ ಹೋಗಲು ತೂತು ಕೊರೆದಿದ್ದೀರಾ? ಇಲ್ಲದಿದ್ದರೆ ಅದು ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಅಳೆಯುತ್ತಿರುತ್ತದೆ. ಟ್ಯೂಬಿನ ಸುತ್ತ ಸಮ ಅಂತರದಲ್ಲಿ ಮೂರು ನಾಲ್ಕು ಸಣ್ಣ ತೂತು ಮಾಡಿ. ಜೊತೆಗೆ ಕೋನದಿಂದಲೂ ಅಳೆಯಿರಿ, ಖರ್ಚಿಲ್ಲ. 100 ಮೀಟರ್ ದೂರ ನಿಂತು 60 ಡಿಗ್ರಿಯಲ್ಲಿ ಕಂಡರೆ ಎತ್ತರ 173 ಮೀಟರ್, ನಿಮ್ಮ ಕಣ್ಣಿನ ಎತ್ತರ ಅದಕ್ಕೆ ಸೇರಿಸಿ. ಆದರೆ 61 ಅಂತ ಓದಿಬಿಟ್ಟರೆ 180 ಆಗುತ್ತದೆ, ಒಂದು ಡಿಗ್ರಿಗೆ ಏಳು ಮೀಟರ್ ತಪ್ಪು. ಅದಕ್ಕೇ ಇಬ್ಬರು ಎರಡು ಕಡೆ ನಿಂತು ನೋಡಬೇಕು.

ನಮ್ಮೂರು ಶ್ರೀರಂಗಪಟ್ಟಣ. ಟಿಪ್ಪು ರಾಕೆಟ್ಟಿಗೆ ಫಿನ್ನೇ ಇರಲಿಲ್ಲವಂತೆ, ಹಾಗಾದರೆ ನೇರ ಹೇಗೆ ಹೋಗುತ್ತಿತ್ತು?

ಬಿದಿರು ಕಣಪ್ಪ. ಕಬ್ಬಿಣದ ಕೊಳವೆಗೆ ಉದ್ದದ ಬಿದಿರು ಕಟ್ಟುತ್ತಿದ್ದರು, ಅದೇ ಬಾಲ, ಅದೇ ಫಿನ್. ದೀಪಾವಳಿ ರಾಕೆಟ್ಟಿನ ಕಡ್ಡಿಯ ಕೆಲಸವೂ ಅದೇ. ಗುರಿ ಅಷ್ಟು ಕರಾರುವಾಕ್ಕಾಗಿ ಇರಲಿಲ್ಲ, ಒಟ್ಟೊಟ್ಟಿಗೆ ನೂರಾರು ಬಿಟ್ಟರೆ ಎದುರಿಗಿದ್ದ ದಂಡಿಗೆ ಗಾಬರಿಯಾಗುತ್ತಿತ್ತು. ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದಲ್ಲಿ. ಕಾಗದದ ಕೊಳವೆ ತಡೆಯದ ಒತ್ತಡವನ್ನು ಅದು ತಡೆಯುತ್ತಿತ್ತು, ಹಾಗಾಗಿ ದೂರ ಹೋಗುತ್ತಿತ್ತು. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಬ್ರಿಟಿಷರು ಅದರ ರುಚಿ ನೋಡಿದರು. 1799ರಲ್ಲಿ ನಿಮ್ಮೂರ ಕೋಟೆ ಬಿದ್ದ ಮೇಲೆ ಇಲ್ಲಿನ ರಾಕೆಟ್‌ಗಳನ್ನು ಇಂಗ್ಲೆಂಡಿನ ವೂಲಿಚ್‌ಗೆ ಒಯ್ದರು, ವಿಲಿಯಂ ಕಾಂಗ್ರೀವ್ ಎಂಬ ಇಂಗ್ಲಿಷ್ ಸಂಶೋಧಕ ಅಲ್ಲಿ ತನ್ನ ರಾಕೆಟ್ ಮಾಡಿದ. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಪಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಮೇಲೆತ್ತಿದರು.

ನನ್ನ ಮಗಳು ರಾಕೆಟ್ ತಂಡದಲ್ಲಿ ಒಬ್ಬಳೇ ಹುಡುಗಿ. ಬರೀ ಬಣ್ಣ ಬಳಿಯುವ ಕೆಲಸ ಕೊಟ್ಟಿದ್ದಾರೆ. ಏನೂ ಹೇಳದೆ ಒಳಗೊಳಗೇ ನೊಂದುಕೊಂಡಿದ್ದಾಳೆ. — ಮಂಡ್ಯದ ತಾಯಿ

ಮೊದಲು ಅವಳಿಗೆ ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಸಣ್ಣ ತಕ್ಕಡಿ ಕೊಡಿಸಿ. ಬಣ್ಣ ಬಳಿಯುವ ಮುಂಚೆ ಒಮ್ಮೆ, ಒಣಗಿದ ಮೇಲೆ ಒಮ್ಮೆ ತೂಗಿ ಬರೆದುಕೊಳ್ಳಲಿ. ತೂಕ ಬದಲಾದರೆ ಮಧ್ಯಬಿಂದು ಬದಲಾಗುತ್ತದೆ, ಅದನ್ನು ಮತ್ತೆ ಲೆಕ್ಕ ಹಾಕಬೇಕಾದವಳು ಅವಳೇ ತಾನೆ? ಮುಂದಿನ ಟ್ರಯಲ್ ದಿನ ಆ ಲೆಕ್ಕದ ಪುಸ್ತಕ ಹಿಡಿದು ಮೈದಾನಕ್ಕೆ ಹೋಗಲಿ. ಉಡಾವಣೆಯ ಬಟನ್ ಕೆಲಸ ಮಾಡಲು ಹಾಕುವ ಬೀಗದ ಕೈ, ಪುಸ್ತಕ ಇದ್ದವರ ಕೈಯಲ್ಲೇ ಇರಬೇಕು ಅಂತ ನಾನು ಹೇಳಿದೆ ಎಂದು ಅವರ ಮೇಷ್ಟ್ರಿಗೆ ತಿಳಿಸಿ. ಮೋಟಾರ್ ಹತ್ತಿಕೊಳ್ಳದಿದ್ದರೆ ಒಂದು ನಿಮಿಷ ಯಾರೂ ಹತ್ತಿರ ಹೋಗದಂತೆ ತಡೆಯುವವಳೂ ಅವಳೇ ಆಗಲಿ. ಬಣ್ಣವನ್ನು ಮುಂದಿನ ಸಲ ಹುಡುಗರು ಬಳಿಯುತ್ತಾರೆ.